ಮಾತು ಬಾರದ ಕೂಸಿನ ಕಿವಿ ನೋಡಿಸಿ

ಕಳೆದ ಸುಗ್ಗಿಯಲ್ಲಿ ರಾಗಿಯ ಬೀಜ ಆರಿಸುವ ಕ್ರಮ ಹೇಳಲು ಒಂದು ಕಣಕ್ಕೆ ಹೋಗಿದ್ದೆ. ಕಣದ ಅಂಚಿನಲ್ಲಿ ಮೂರು ವರ್ಷದ ಹುಡುಗನೊಬ್ಬ ಆಡುತ್ತಿದ್ದ. ಅವನ ಬೆನ್ನ ಹಿಂದೆ ಟ್ರ್ಯಾಕ್ಟರ್ ಬರುತ್ತಿತ್ತು. ಎಲ್ಲರೂ ಕೂಗಿದೆವು; ಅವನು ತಿರುಗಲಿಲ್ಲ. ತಾಯಿ ಓಡಿಬಂದು ಎತ್ತಿಕೊಂಡರು.

"ಇವನಿಗಿನ್ನೂ ಮಾತು ಬಂದಿಲ್ಲ ಸ್ವಾಮಿ. ಇವರ ತಾತನಿಗೂ ತಡವಾಗಿಯೇ ಬಂತಂತೆ" ಎಂದರು ಯಜಮಾನರು. ನಾಲಗೆಗೆ ಬಜೆ ತೇಯ್ದು ತಿಕ್ಕಿದ್ದರು, ಹರಕೆಯನ್ನೂ ಹೊತ್ತಿದ್ದರು. ಕಿವಿಯನ್ನು ಮಾತ್ರ ಯಾರೂ ನೋಡಿಸಿರಲಿಲ್ಲ. "ತಟ್ಟೆ ಬಡಿದರೆ ತಿರುಗುತ್ತಾನಲ್ಲ!" ಎಂದರು. ರಾಗಿಯ ವಿಷಯ ಅಂದು ಅಲ್ಲಿಗೇ ನಿಂತಿತು.

ತಟ್ಟೆ ಬಡಿದು ನೋಡುವುದು ಸರಿಯಾದ ಪರೀಕ್ಷೆಯಲ್ಲ. ಬಡಿಯುವ ಕೈಯ ನೆರಳು ಕಂಡೀತು, ನೆಲದ ಅದುರು ತಾಗೀತು. ಮಗು ಅದಕ್ಕೇ ತಿರುಗುತ್ತದೆ. ಇನ್ನು ಕೆಲವು ಮಕ್ಕಳಿಗೆ ತಮಟೆ, ಸಿಡಿಲು ಕೇಳುತ್ತವೆ. ಆದರೆ 'ಸ', 'ಶ' ಮೊದಲಾದ ಸಣ್ಣ ಶಬ್ದಗಳು ಕೇಳವು. 'ಸರ' ಎಂಬುದು 'ಅರ' ಎಂದು ಕೇಳಿದರೆ ಮಗು ಕಲಿಯುವುದೂ ಅದನ್ನೇ. ಕಿವುಡು ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ ಅಳುತ್ತದೆ, ನಗುತ್ತದೆ, 'ಆ, ಊ' ಎನ್ನುತ್ತದೆ. ಬಹು ಮಂದಿ ಮೋಸಹೋಗುವುದು ಇಲ್ಲಿಯೇ. ಕೇಳುವ ಕೂಸು ಏಳು ತಿಂಗಳಿನಿಂದ ಹತ್ತು ತಿಂಗಳೊಳಗೆ 'ಬಬಬ', 'ದದದ' ಎಂದು ತೊದಲತೊಡಗುತ್ತದೆ. ಕಿವುಡು ಕೂಸಿನಲ್ಲಿ ಆ ತೊದಲು ತಡವಾಗುತ್ತದೆ.

ಕಾಯ್ದರೆ ಏನು ನಷ್ಟ? ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಇಂಥ 150 ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. 72 ಮಕ್ಕಳ ದೋಷ ಆರು ತಿಂಗಳೊಳಗೆ ಪತ್ತೆಯಾಗಿತ್ತು, 78 ಮಕ್ಕಳದು ಆಮೇಲೆ. ಬುದ್ಧಿಯಲ್ಲಿ ಕೊರತೆಯಿಲ್ಲದ ಮಕ್ಕಳಲ್ಲಿ, ಬೇಗ ಪತ್ತೆಯಾಗಿ ಬೇಗ ನೆರವು ಪಡೆದವರು ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಕಿವುಡು ಹೆಚ್ಚಿರಲಿ ಕಡಿಮೆಯಿರಲಿ, ಮನೆ ಬಡವರದಿರಲಿ ಅನುಕೂಲಸ್ಥರದಿರಲಿ, ಇದೇ ಕಂಡಿತು. ಭಾಷೆ ಹಿಂದೆ ಬಿದ್ದರೆ ಓದು, ಲೆಕ್ಕ, ಜೊತೆಯ ಮಕ್ಕಳೊಡನೆ ಆಟ ಎಲ್ಲವೂ ಹಿಂದೆ ಬೀಳುತ್ತವೆ. ಮಗು ದಡ್ಡನೆಂದು ಊರು ತೀರ್ಮಾನಿಸುತ್ತದೆ, ದಡ್ಡತನ ಅದರದಲ್ಲ.

ಆದ್ದರಿಂದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು ಆಗಬೇಕು. ಮೊದಲ ಪರೀಕ್ಷೆಗೆ ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಸಣ್ಣ ಬಿರಡೆ ಇಡುತ್ತಾರೆ; ಕೆಲವೇ ನಿಮಿಷ, ನೋವಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಕೇಳಿರಿ, ಇಲ್ಲವೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕೆಲಸಕ್ಕೆ ಮೀಸಲಾದುದು. ಕೂಸು ದಿನ ತುಂಬದೆ ಹುಟ್ಟಿದ್ದರೆ, ಕಾಮಾಲೆ ಬಹಳ ಏರಿದ್ದರೆ, ಮಿದುಳು ಜ್ವರ ಬಂದಿದ್ದರೆ ಖಂಡಿತ ತೋರಿಸತಕ್ಕದ್ದು. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ನೆಂಟರಲ್ಲೇ ಮದುವೆಯಾದಲ್ಲಿ ಹುಟ್ಟುಗಿವುಡು ಹೆಚ್ಚು. ಈ ಮಾತು ಹಿರಿಯರಿಗೆ ರುಚಿಸದೆಂದು ಬಲ್ಲೆ, ಆದರೂ ಹೇಳಲೇಬೇಕು.

ಶ್ರವಣಯಂತ್ರ ಕೊಟ್ಟರೆಂದು ಕೆಲಸ ಮುಗಿಯಲಿಲ್ಲ. ಕಳೆದುಹೋದೀತೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಮಾತ್ರ ತೆಗೆಯುವ ಮನೆಗಳಿವೆ. ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ಅವರೆಕಾಯಿ ಸುಲಿಯುವಾಗ, ಹಸುವಿಗೆ ಹುಲ್ಲು ಹಾಕುವಾಗ ಮಗುವನ್ನು ಎದುರಿಗೆ ಕೂಡಿಸಿಕೊಂಡು ಮಾತನಾಡುತ್ತಿರಬೇಕು. ಯಂತ್ರದಿಂದ ಸಾಲದಿದ್ದರೆ ಒಳಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೂಡಿಸುವ ಶಸ್ತ್ರಚಿಕಿತ್ಸೆಯುಂಟು. ಕೈಸನ್ನೆಯ ಭಾಷೆಯೂ ಪೂರ್ಣವಾದ ಭಾಷೆಯೇ. ಮಗು ಸನ್ನೆ ಮಾಡಿದರೆ ಕೈಗೆ ಹೊಡೆಯಬೇಡಿರಿ.

ಕಣದ ಹುಡುಗನಿಗೆ ಈಗ ಎರಡು ಕಿವಿಗೂ ಯಂತ್ರವಿದೆ. ಹತ್ತಾರು ಮಾತು ಬಂದಿವೆ. ಅವನ ವಯಸ್ಸಿಗೆ ಅದು ಕಡಿಮೆ. ಮೊನ್ನೆ ಅವನಿಗೆ ತಂಗಿ ಹುಟ್ಟಿದಳು. ಇಪ್ಪತ್ತು ದಿನಕ್ಕೇ ಯಜಮಾನರು ಕೂಸನ್ನು ಕರೆದುಕೊಂಡು ಹೋಗಿ ಕಿವಿ ನೋಡಿಸಿ ಬಂದರು.