ಮಾವಿನ ತೋಟದ ಹುಲ್ಲಿಗೆ ಯಾವ ಯಂತ್ರ?

ಕನಕಪುರ ರಸ್ತೆಯ ಅಕ್ಕಪಕ್ಕ ಫಾರಂ ಹೌಸುಗಳು ಎದ್ದ ಮೇಲೆ ನಮ್ಮ ಕಡೆಯವರ ಕಣ್ಣಿಗೆ ಬಿದ್ದ ಹೊಸ ಯಂತ್ರಗಳಲ್ಲಿ ಮೇಲೆ ಕೂತು ಓಡಿಸುವ ಹುಲ್ಲಿನ ಗಾಡಿಯೂ ಒಂದು. ನೋಡಲು ಮರಿ ಟ್ರ್ಯಾಕ್ಟರಿನ ಹಾಗಿರುತ್ತದೆ. ಸೀಟು, ಸ್ಟೇರಿಂಗು ಎಲ್ಲ ಉಂಟು. ಹೊಟ್ಟೆಯ ಕೆಳಗೆ ಬೋರಲು ಹಾಕಿದ ತಟ್ಟೆಯಂಥ ಪೆಟ್ಟಿಗೆ, ಅದರೊಳಗೆ ಬ್ಲೇಡು ತಿರುಗುತ್ತದೆ. ಇಂಥ ಹಳೆ ಗಾಡಿ ಕಡಿಮೆ ಬೆಲೆಗೆ ಸಿಕ್ಕರೆ ಮೂರೆಕರೆ ಮಾವಿಗೆ ಆದೀತಾ ಅಂತ ದೊಡ್ಡಆಲಹಳ್ಳಿ ಸುತ್ತಿನ ರೈತರು ಕೇಳುತ್ತಿರುತ್ತಾರೆ. ಕೇಳುವುದು ತಪ್ಪಲ್ಲ. ಬೆಳಗಾದರೆ ಆಳುಗಳು ಹಾರೋಹಳ್ಳಿ ಫ್ಯಾಕ್ಟರಿಗೋ ಗಾರ್ಮೆಂಟ್ಸಿಗೋ ಬಸ್ಸು ಹತ್ತಿರುತ್ತಾರೆ. ಇತ್ತ ಹುಲ್ಲು ಸೊಂಟದುದ್ದ ಬಂದಿರುತ್ತದೆ. ಮಳೆಗಾಲ ಮುಗಿಯುವಾಗ ಅದು ನೆಲದ ತೇವ ಹೀರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಣಗಿ ನಿಂತರೆ ಒಂದು ಬೀಡಿ ತುಂಡು ಸಾಕು, ಹೂ ಬಿಟ್ಟ ಮರ ಸೀದು ಹೋಗಲು.

ಆದರೆ ಆ ಗಾಡಿ ನಮ್ಮ ಕೆಲಸಕ್ಕೆ ಹುಟ್ಟಿದ್ದಲ್ಲ. ಅದು ವಾರ ವಾರ ಕತ್ತರಿಸುವ, ಹದ ಮಾಡಿದ, ಕಲ್ಲಿಲ್ಲದ ಹುಲ್ಲುಹಾಸಿಗೆ ಮಾಡಿದ್ದು. ಬ್ಲೇಡು ನೆಲದಿಂದ ಒಂದರಿಂದ ನಾಲ್ಕು ಇಂಚು ಎತ್ತರದಲ್ಲಿ ತಿರುಗುತ್ತದೆ. ಮಂಡಿಯುದ್ದದ ಹುಲ್ಲಿಗೆ ಬಿಟ್ಟರೆ ಪೆಟ್ಟಿಗೆಯೊಳಗೆ ಹುಲ್ಲು ತುಂಬಿಕೊಂಡು ಬೆಲ್ಟು ಜಾರುತ್ತದೆ. ನಮ್ಮದು ಕೆಂಪು ಮಣ್ಣು, ಗರಸು, ಅಲ್ಲಲ್ಲಿ ತಲೆಯೆತ್ತಿದ ಬಂಡೆ. ಒಂದು ಕಲ್ಲಿಗೆ ಬಡಿದರೆ ಬ್ಲೇಡಷ್ಟೇ ಅಲ್ಲ, ಅದನ್ನು ಹಿಡಿದಿರುವ ಶಾಫ್ಟು, ಬೇರಿಂಗೂ ಹೋಗುತ್ತದೆ. ಬಹುಪಾಲು ಹೊರದೇಶದ ಮಾಲು, ಬಿಡಿಭಾಗ ಕನಕಪುರದಲ್ಲಿ ಸಿಗುವುದಿಲ್ಲ. ಬದು, ಇಳಿಜಾರಿನಲ್ಲಿ ಮಗುಚುವ ಭಯ ಬೇರೆ. ಅಗ್ಗಕ್ಕೆ ಸಿಕ್ಕಿದರೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಯಾವುದು? ಅಂಗಡಿಗೆ ಹೋಗುವ ಮುಂಚೆ ತೋಟದಲ್ಲಿ ನಿಂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಹುಲ್ಲನ್ನು ಕತ್ತರಿಸಬೇಕೋ, ಮಣ್ಣಿನ ಜೊತೆ ಮಗುಚಬೇಕೋ? ಇವೆರಡೂ ಬೇರೆ ಬೇರೆ ಕೆಲಸ, ಯಂತ್ರಗಳೂ ಬೇರೆ. ಪವರ್ ವೀಡರು, ರೋಟವೇಟರು ಮಣ್ಣು ಕೆದಕಿ ಕಳೆಯನ್ನು ಬೆರೆಸುತ್ತವೆ. ಹಿಪ್ಪುನೇರಳೆಗೆ, ತರಕಾರಿ ಸಾಲಿಗೆ ಅದು ಸರಿ. ಬೆಳೆದ ಮಾವಿನ ಬುಡದಲ್ಲಿ ಹಾಗೆ ಕೆದಕಿದರೆ ಮೇಲ್ಮಣ್ಣಿನಲ್ಲಿ ಹರಡಿರುವ ಆಹಾರದ ಬೇರು ಹರಿಯುತ್ತದೆ, ಇಳಿಜಾರಿನಲ್ಲಿ ಮಣ್ಣೂ ಕೊಚ್ಚಿ ಹೋಗುತ್ತದೆ. ಮಳೆ ನಂಬಿದ ತೋಟದಲ್ಲಿ ಹುಲ್ಲನ್ನು ಕತ್ತರಿಸಿ ಅಲ್ಲೇ ಮುಚ್ಚಿಗೆಯಾಗಿ ಬಿಡುವುದು ಲೇಸು. ಬೇರು ಮಣ್ಣನ್ನು ಹಿಡಿದಿರುತ್ತದೆ, ಮುಚ್ಚಿಗೆ ತೇವ ಕಾಯುತ್ತದೆ.

ಸಾಲಿನ ಅಂತರವನ್ನೂ ಅಳೆದುಕೊಳ್ಳಿ. ಹಿಪ್ಪುನೇರಳೆಯನ್ನು ಮೂರಡಿ ಐದಡಿ ಜೋಡಿ ಸಾಲಿನಲ್ಲಿ ನೆಟ್ಟವರಿಗೆ ಐದಡಿ ಜಾಗದಲ್ಲಿ ಟಿಲ್ಲರೋ ಮಿನಿ ಟ್ರ್ಯಾಕ್ಟರೋ ನುಗ್ಗುತ್ತದೆ. ಮೂರಡಿಗೆ ಮೂರಡಿ ಗುಣಿಯಲ್ಲಿ ನೆಟ್ಟಿದ್ದರೆ ಸಣ್ಣ ವೀಡರೇ ಗತಿ. ಮೂವತ್ತಡಿ ಅಂತರದ ಮಾವಿನಲ್ಲಿ ಸಾಲಿನ ನಡುವೆ ಟ್ರ್ಯಾಕ್ಟರು ಓಡಾಡಬಹುದು, ಆದರೆ ಕೊಂಬೆ ತಗ್ಗಿದ್ದರೆ ಬುಡದ ಹತ್ತಿರಕ್ಕೆ ಯಾವ ಗಾಡಿಯೂ ಹೋಗದು. ಅಲ್ಲಿಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರೇ ಬೇಕು.

ಈಗ ಲೆಕ್ಕ. ಮೂರೆಕರೆ ಮಾವು, ವರ್ಷಕ್ಕೆ ಎರಡು ಸಲ ಕಟಾವು ಅಂತ ಇಟ್ಟುಕೊಳ್ಳಿ. ಒಂದು ಶ್ರಾವಣದಲ್ಲಿ, ಇನ್ನೊಂದು ದೀಪಾವಳಿ ಕಳೆದು ಹೂ ಬರುವ ಮುಂಚೆ. ದರಗಳು ನಿಮ್ಮೂರಿನಲ್ಲಿ ಬೇರೆ ಇರಬಹುದು, ನಿಮ್ಮದನ್ನು ಹಾಕಿಕೊಳ್ಳಿ.

ಮಿನಿ ಟ್ರ್ಯಾಕ್ಟರಿಗೆ 3,50,000 ರೂ., ಹಿಂದೆ ಕಟ್ಟುವ ಹುಲ್ಲಿನ ಸ್ಲ್ಯಾಷರಿಗೆ 60,000. ಒಟ್ಟು 4,10,000. ಹತ್ತು ವರ್ಷದ ಮೇಲೆ ಅರ್ಧ ಬೆಲೆಗೆ ಹೋಯಿತು ಅಂದರೂ ವರ್ಷಕ್ಕೆ 20,500 ರೂ. ಸವಕಲು. ನೂರಕ್ಕೆ ಹತ್ತರ ಬಡ್ಡಿಯಾದರೆ ಮೊದಲ ವರ್ಷ 41,000. ಕೊಟ್ಟಿಗೆಯಿಂದ ಆಚೆ ಬರುವ ಮುಂಚೆಯೇ 61,500 ರೂ. ಆಯಿತು, ಡೀಸೆಲ್ಲು ಇನ್ನೂ ಹಾಕಿಲ್ಲ. ಅದೇ ಕೆಲಸಕ್ಕೆ ಟ್ರ್ಯಾಕ್ಟರು ಸ್ಲ್ಯಾಷರು ಬಾಡಿಗೆಗೆ ತಂದರೆ ಎಕರೆಗೆ ಒಂದೂವರೆ ಗಂಟೆಯಂತೆ ಎರಡು ಸಲಕ್ಕೆ ಒಂಬತ್ತು ಗಂಟೆ. ಗಂಟೆಗೆ ಸಾವಿರ ಹಿಡಿದರೆ 9,000 ರೂ. ಅಷ್ಟೆ. ಆ ನಾಲ್ಕು ಲಕ್ಷಕ್ಕೆ ಎಷ್ಟು ಸೀಮೆಹಸು ಬರುತ್ತವೆ ಅಂತ ಮನೆಯ ಹೆಂಗಸರನ್ನು ಕೇಳಿ ನೋಡಿ. ಹಸು ದಿನಾ ಎರಡು ಹೊತ್ತು ಡೇರಿಗೆ ಹಾಲು ಕೊಡುತ್ತದೆ, ಗಾಡಿ ವರ್ಷಕ್ಕೆ ಒಂಬತ್ತು ಗಂಟೆ ದುಡಿಯುತ್ತದೆ. ಊರಲ್ಲಿ ಬಾಡಿಗೆಗೆ ಓಡಿಸುವ ಹುಡುಗ ಮನೆಯಲ್ಲಿದ್ದರೆ ಮಾತ್ರ ಟ್ರ್ಯಾಕ್ಟರಿನ ಮಾತು ಬೇರೆ.

ಒಳ್ಳೆ ಬ್ರಷ್ ಕಟರಿಗೆ 24,000 ರೂ. ಹಿಡಿಯೋಣ. ಆರು ವರ್ಷ ಬಂದರೆ ವರ್ಷಕ್ಕೆ 4,000. ಎಕರೆಗೆ ಒಂದೂವರೆ ದಿನದಂತೆ ಎರಡು ಸಲಕ್ಕೆ ಒಂಬತ್ತು ದಿನ, ದಿನಕ್ಕೆ ನಾಲ್ಕು ಲೀಟರು, ಲೀಟರಿಗೆ ನೂರು ರೂಪಾಯಿ ಅಂದರೂ 3,600. ಆಯಿಲು, ಬ್ಲೇಡು, ದಾರ, ರಿಪೇರಿಗೆ 1,500. ಒಟ್ಟು 9,100. ಬಾಡಿಗೆ ಟ್ರ್ಯಾಕ್ಟರಿಗೂ ಇದಕ್ಕೂ ನೂರು ರೂಪಾಯಿ ವ್ಯತ್ಯಾಸ! ಆದರೆ ಇಲ್ಲಿ ಒಂದು ಗುಟ್ಟಿದೆ. ಇದು ನಾವೇ ಹೆಗಲು ಕೊಟ್ಟಾಗಿನ ಲೆಕ್ಕ. ದಿನಕ್ಕೆ 700 ಕೂಲಿ ಕೊಟ್ಟು ಆಳಿನ ಕೈಲಿ ಮಾಡಿಸಿದರೆ ಇನ್ನೂ 6,300 ಸೇರುತ್ತದೆ. ಆದ್ದರಿಂದ ಸಾಲಿನ ನಡುವೆ ಬಾಡಿಗೆ ಸ್ಲ್ಯಾಷರು ಹೊಡೆಸಿ, ಮರದ ಬುಡ, ಬದು, ಬೇಲಿ ಅಂಚಿಗೆ ಸ್ವಂತ ಬ್ರಷ್ ಕಟರು ಇಟ್ಟುಕೊಳ್ಳುವುದು ಸಣ್ಣ ರೈತರಿಗೆ ಹೊಂದುತ್ತದೆ. ಬಾಡಿಗೆಗೆ 2014-15ರಿಂದ ಹೋಬಳಿ ಮಟ್ಟದಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಹದ ಬಂದಾಗ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಹುಲ್ಲಿನ ಕೆಲಸ ಉಳುಮೆಯಷ್ಟು ಅವಸರದ್ದಲ್ಲವಾದ್ದರಿಂದ ಬಿತ್ತನೆ ಗಲಾಟೆ ಮುಗಿದ ಮೇಲೆ ಹೇಳಿಟ್ಟರೆ ಸಿಗುತ್ತದೆ. ಸ್ಲ್ಯಾಷರು ಅವರಲ್ಲಿ ಇದೆಯಾ ಅಂತ ಮೊದಲೇ ವಿಚಾರಿಸಿ.

ಬ್ರಷ್ ಕಟರಿನಲ್ಲಿ ಎರಡು ಜಾತಿ. ಟೂ ಸ್ಟ್ರೋಕು ಹಗುರ, ಬೆಲೆ ಕಡಿಮೆ, ಆದರೆ ಪೆಟ್ರೋಲಿಗೆ 2ಟಿ ಆಯಿಲು ಬೆರೆಸಲೇಬೇಕು. ಐವತ್ತಕ್ಕೊಂದು ಅಂತ ಬರೆದಿದ್ದರೆ ಲೀಟರಿಗೆ 20 ಮಿ.ಲೀ., ಇಪ್ಪತ್ತೈದಕ್ಕೊಂದು ಅಂದರೆ 40 ಮಿ.ಲೀ. ಆಳು ಮರೆತು ಬರೀ ಪೆಟ್ರೋಲು ಹಾಕಿದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಫೋರ್ ಸ್ಟ್ರೋಕಿಗೆ ಆಯಿಲು ಬೇರೆ ಜಾಗದಲ್ಲಿರುತ್ತದೆ, ಸದ್ದೂ ಹೊಗೆಯೂ ಕಡಿಮೆ, ತೂಕ ವಸಿ ಜಾಸ್ತಿ. ಹೋಂಡಾದ 35 ಸಿ.ಸಿ. ಜಿಎಕ್ಸ್ 35 ಎಂಜಿನ್ನು ಈ ಜಾತಿಯದು. ನಾಲ್ಕಾರು ಕೈ ಮುಟ್ಟುವ ಮನೆಗೆ ಫೋರ್ ಸ್ಟ್ರೋಕೇ ವಾಸಿ ಅಂತ ನನ್ನ ಅನಿಸಿಕೆ. ಸಿ.ಸಿ. ಹೆಚ್ಚಿದೆ ಅಂತ ಮರುಳಾಗಬೇಡಿ. ಅರ್ಧ ದಿನ ಹೆಗಲಿಗೆ ಹಾಕಿಕೊಂಡು ನಿಲ್ಲಬಲ್ಲೆವಾ ಅನ್ನುವುದು ಮುಖ್ಯ. ಅಂಗಡಿಯಲ್ಲೇ ಪಟ್ಟಿ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ.

ತಲೆಗೆ ಏನು ಹಾಕುತ್ತೀರಿ ಅನ್ನುವುದನ್ನು ಹಸು ಕಟ್ಟಿದವರು ಗಮನಿಸಬೇಕು. ನೈಲಾನ್ ದಾರ ಹುಲ್ಲನ್ನು ಪುಡಿ ಮಾಡಿ ಎರಚುತ್ತದೆ, ಮುಚ್ಚಿಗೆಗೆ ಸರಿ, ಮೇವಿಗೆ ಆಗದು. ಹಲ್ಲಿನ ಚಕ್ರದ ಬ್ಲೇಡು ಹಾಕಿ ಒಂದೇ ಕಡೆಗೆ ಬೀಸಿದರೆ ಹುಲ್ಲು ಕುಡುಗೋಲಲ್ಲಿ ಕುಯ್ದಂತೆ ಸಾಲಾಗಿ ಬೀಳುತ್ತದೆ, ಬಾಚಿ ಹೊರೆ ಕಟ್ಟಬಹುದು. ಲಂಟಾನದಂಥ ಪೊದೆಗೆ ಮೂರು ಮೂಲೆಯ ದಪ್ಪ ಬ್ಲೇಡು. ಕಲ್ಲಿರುವ ಕಡೆ, ಬಂಡೆ ಅಂಚಿಗೆ ದಾರವೇ ಕ್ಷೇಮ. ಎಳೆಯ ಮಾವಿನ ಗಿಡದ ಹತ್ತಿರ ಮಾತ್ರ ದಾರವೂ ಬೇಡ. ತೊಗಟೆಯನ್ನು ಸುತ್ತ ಸುಲಿದರೆ ಗಿಡ ಒಣಗುತ್ತದೆ, ಬುಡದ ಸುತ್ತ ಒಂದಡಿ ಕೈಯಲ್ಲೇ ಕೀಳಬೇಕು. ಹನಿ ನೀರಾವರಿ ಪೈಪಿದ್ದರೆ ಮೊದಲು ಎಳೆದು ಬದಿಗಿಡಿ. ಕಾಂಗ್ರೆಸ್ ಗಿಡವನ್ನು ಹೂ ಬರುವ ಮುಂಚೆ ಹೊಡೆಯಬೇಕು. ಕೊನ್ನಾರಿ ಗಡ್ಡೆಗೆ ಈ ಯಂತ್ರದಿಂದ ಏನೂ ಆಗದು.

ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಕಿವಿಗೆ ಹತ್ತಿಯಾದರೂ ಇರಲಿ. ಬ್ಲೇಡು ಕಲ್ಲನ್ನು ಕವಣೆಯಂತೆ ಎಸೆಯುತ್ತದೆ. ಕಂಪನಿ ಪುಸ್ತಕಗಳು ಹದಿನೈದು ಮೀಟರು ದೂರ ಯಾರೂ ಇರಬಾರದು ಅಂತ ಹೇಳುವುದು ಸುಮ್ಮನೆ ಅಲ್ಲ. ಹಸು ಕರುವನ್ನೂ ಅಷ್ಟು ದೂರ ಕಟ್ಟಿ.

ಹಳೆ ಯಂತ್ರ ಕೊಳ್ಳುವವರು ಬೆಳಿಗ್ಗೆ ಹೋಗಿ, ಎಂಜಿನ್ನು ತಣ್ಣಗಿರುವಾಗ ನೀವೇ ಶುರು ಮಾಡಿ. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ತಿಳಿಯಿರಿ. ಹಗ್ಗ ಎಳೆಯುವಾಗ ಗಟ್ಟಿಯಾಗಿ ತಡೆದರೆ ಒಳಗೆ ಒತ್ತಡ ಇದೆ, ಸಲೀಸಾಗಿ ಬಂದರೆ ಪಿಸ್ಟನ್ ರಿಂಗು ಸವೆದಿರಬಹುದು. ಬ್ಲೇಡಿನ ತಲೆಯನ್ನು ಅಲ್ಲಾಡಿಸಿ ನೋಡಿ, ಲಟಲಟ ಅಂದರೆ ಬೇರಿಂಗು ಹೋಗಿದೆ. ಹಳೆ ಡೀಸೆಲ್ ಟಿಲ್ಲರಾದರೆ ಹೊಗೆ ನೋಡಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ, ದೊಡ್ಡ ಖರ್ಚು. ಕಪ್ಪಾದರೆ ಏರ್ ಫಿಲ್ಟರು ಕಟ್ಟಿಕೊಂಡಿರಬಹುದು, ಚಿಕ್ಕದರಲ್ಲೇ ಮುಗಿಯಬಹುದು. ರೋಟರಿ ಬ್ಲೇಡಿನ ಶಾಫ್ಟಿನ ತುದಿಯಲ್ಲಿ ಆಯಿಲು ಸೋರುತ್ತಿದೆಯಾ ನೋಡಿ. ಹೊಲದಲ್ಲಿ ಅರ್ಧ ಗಂಟೆ ಉಳದೆ ಅಡ್ವಾನ್ಸು ಕೊಡಬೇಡಿ.

ಹೊಸದಕ್ಕೆ ಸರಕಾರದ ಸಹಾಯಧನ ಯಾವ ಯಂತ್ರಕ್ಕೆ ಎಷ್ಟು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಫ್ರೂಟ್ಸ್ ನಂಬರು ಜೊತೆಗಿರಲಿ. ಸಹಾಯಧನ ಕಳೆದು ನಮ್ಮ ಪಾಲಿಗೆ ಬರುವ ದುಡ್ಡನ್ನೂ, ಅದೇ ಮಾದರಿ ಹೊರಗಿನ ಅಂಗಡಿಯಲ್ಲಿ ರೊಕ್ಕಕ್ಕೆ ಸಿಗುವ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡದೆ ಸಹಿ ಹಾಕಬೇಡಿ. ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಅಂಥ ಕಡೆಯ ವರದಿಯಲ್ಲಿ ಗಂಟೆಗೆ ಎಷ್ಟು ಎಣ್ಣೆ, ಕೈಗೆ ಎಷ್ಟು ನಡುಕ ಅಂತ ಇರುತ್ತದೆ. ವ್ಯಾಪಾರಿಯನ್ನು ಆ ವರದಿ ತೋರಿಸಿ ಅಂತ ಕೇಳಿ. ಜಿ.ಕೆ.ವಿ.ಕೆ. ಕೃಷಿಮೇಳದಲ್ಲಿ ಹತ್ತಾರು ಮಾದರಿ ಒಂದೇ ಕಡೆ ಸಿಗುತ್ತವೆ. ಅಲ್ಲಿ ನೋಡಿ, ಎತ್ತಿ ಹಿಡಿದು ಬನ್ನಿ. ಬಿಡಿಭಾಗ ಕನಕಪುರದಲ್ಲೋ ರಾಮನಗರದಲ್ಲೋ ಸಿಗುವುದನ್ನು ಖಚಿತ ಮಾಡಿಕೊಂಡು ಆಮೇಲೆ ಕೊಳ್ಳಿ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ದೀಪಾವಳಿ ಕಟಾವು ಮುಗಿದ ಮೇಲೆ ಟ್ಯಾಂಕು ಪೂರಾ ಬಸಿದು, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ನು ತಾನೇ ನಿಲ್ಲುವವರೆಗೆ ಓಡಿಸಿ, ಬ್ಲೇಡಿಗೆ ಹಳೆ ಆಯಿಲು ಸವರಿ ತೂಗುಹಾಕಿ. ಮುಂಗಾರಿನಲ್ಲಿ ಹೊಸ ಪೆಟ್ರೋಲು ಹಾಕಿಯೇ ಶುರು ಮಾಡಬೇಕು.