ಬ್ಯಾಡಗಿಯ ಟೆಂಡರು ಮತ್ತು ನಿನ್ನ ಸರ್ವರು

ಹಾವೇರಿ



ರಾಣೆಬೆನ್ನೂರಿನಿಂದ ನೀನು ಬರೆದ ಕಾಗದ ಕೈಸೇರಿತು. ಬ್ಯಾಡಗಿಯ ಮೆಣಸಿನಕಾಯಿ ಟೆಂಡರನ್ನು ಮಾದರಿಯಾಗಿಟ್ಟುಕೊಂಡು ಅಭ್ಯಾಸಕ್ಕಾಗಿ ವೆಬ್ ಅಪ್ಲಿಕೇಶನ್ನೊಂದನ್ನು ಕಟ್ಟುತ್ತಿರುವೆಯೆಂದು ಓದಿ ಸಂತೋಷವಾಯಿತು. ಅದನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲೆಂದು ಕೇಳಿರುವೆ. ನಿನಗೆ ಚೆನ್ನಾಗಿ ತಿಳಿದಿರುವುದರಲ್ಲಿ ಬರೆ. ಸೋಮವಾರ, ಗುರುವಾರಗಳಂದು ಟೆಂಡರು ಮುಗಿಯುವ ಕೊನೆಯ ನಿಮಿಷಗಳಲ್ಲಿ ಖರೀದಿದಾರರೆಲ್ಲರೂ ಏಕಕಾಲಕ್ಕೆ ದರ ತುಂಬಲೆಳಸುವ ಆ ಒಂದು ಗಳಿಗೆಯನ್ನು ಸದಾ ಕಣ್ಣೆದುರಿಗಿರಿಸಿಕೊಂಡು ಕಟ್ಟಬೇಕೆಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಮಾತು.

ಜನದಟ್ಟಣೆಯಲ್ಲಿ ಮೊಬೈಲ್ ಜಾಲ ನಿಧಾನವಾಗುತ್ತದೆ. ಖರೀದಿದಾರನು ಗುಂಡಿಯನ್ನೊತ್ತುತ್ತಾನೆ, ಉತ್ತರ ಬಾರದು, ಮತ್ತೊಮ್ಮೆ ಒತ್ತುತ್ತಾನೆ. ಮೊದಲ ಕೋರಿಕೆ ನಿನ್ನ ಸರ್ವರನ್ನು ತಲುಪಿಯೇ ಇದ್ದು, ಮರಳುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಆದುದರಿಂದ ಫಾರಂ ತೆರೆದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯು ಎರಡನೆಯ ಸಲ ಸೇರದಂತೆ ಡೇಟಾಬೇಸಿನಲ್ಲಿಯೇ ನಿರ್ಬಂಧ ವಿಧಿಸಿ, ಮರಳಿ ಬಂದ ಕೋರಿಕೆಗೆ ಮೊದಲಿನ ರಸೀದಿಯನ್ನೇ ತೋರಿಸು. ಒಮ್ಮೆ ಒತ್ತಿದ ಗುಂಡಿಯನ್ನು ಮಸಕಾಗಿಸಿದರೆ ಸಾಕೆನ್ನುವವರ ಮಾತನ್ನು ನಂಬಬೇಡ. ಗಡುವು ಮುಗಿಯಿತೋ ಇಲ್ಲವೋ ಎಂಬುದನ್ನು ಸರ್ವರಿನ ಗಡಿಯಾರವೇ ನಿರ್ಣಯಿಸಲಿ. ೨೦,೧೦೦ ಎಂದು ಬರೆಯಹೋದವನು ಸೊನ್ನೆಯೊಂದನ್ನು ಹೆಚ್ಚಿಗೆ ಒತ್ತಿ ೨,೦೧,೦೦೦ ಮಾಡಿಬಿಡಬಹುದು. ಒಪ್ಪಿಗೆ ಕೇಳುವ ಮುನ್ನ ಆ ದರವನ್ನು ‘ಕ್ವಿಂಟಲಿಗೆ ಎರಡು ಲಕ್ಷದ ಒಂದು ಸಾವಿರ ರೂಪಾಯಿ’ ಎಂದು ಅಕ್ಷರಗಳಲ್ಲಿಯೂ ತೋರಿಸು.

೨೦೨೪ರ ಮಾರ್ಚ್ ೧೧ರಂದು ದರ ಕುಸಿದುದರಿಂದ ಕ್ರುದ್ಧರಾದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟುದನ್ನು ನೀನು ಬಲ್ಲೆ. ಅದಕ್ಕೆ ತಂತ್ರಾಂಶವು ಕಾರಣವೆಂದು ನಾನು ಹೇಳುತ್ತಿಲ್ಲ. ವರ್ಷದ ಫಸಲನ್ನು ಚೀಲಗಳಲ್ಲಿ ತುಂಬಿ ತಂದ ರೈತನು ತನ್ನ ಲಾಟಿಗೆ ಯಾರು ಎಷ್ಟು ಬರೆದರೆಂದು ಕೇಳಿದರೆ ಅವನಿಗೆ ಸಂದೇಹಕ್ಕೆಡೆಯಿಲ್ಲದ ಉತ್ತರ ದೊರೆಯಬೇಕೆಂಬುದು ನನ್ನ ಆಗ್ರಹ. ದರ ತಿದ್ದುವಾಗ ಹಳೆಯ ಸಾಲನ್ನಳಿಸದೆ ಹೊಸ ಸಾಲನ್ನು ಸೇರಿಸು; ಯಾರು, ಎಷ್ಟು ಹೊತ್ತಿಗೆ ತಿದ್ದಿದರೆಂಬುದೂ ಅದರಲ್ಲಿರಲಿ.

ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಇಡು. ‘ಬ್ಯಾಡಗಿ’ ಎಂಬುದು ಕಣ್ಣಿಗೆ ಮೂರಕ್ಷರವಾದರೂ ಯೂನಿಕೋಡಿನಲ್ಲಿ ೭ ಸಂಕೇತ, ಯುಟಿಎಫ್-೮ರಲ್ಲಿ ೨೧ ಬೈಟು. ಊರಿನ ಹೆಸರಿಗೆ ೨೦ ಬೈಟು ಮೀಸಲಿಟ್ಟವನ ಕೋಷ್ಟಕದಲ್ಲಿ ಬ್ಯಾಡಗಿಯೇ ಹಿಡಿಸದು.

ಹೊಸ ಆವೃತ್ತಿಯನ್ನು ಪೇಟೆಯ ದಿನ ಸರ್ವರಿಗೆ ಏರಿಸಬೇಡ. ಮಂಗಳವಾರ ಏರಿಸಿದರೆ ಗುರುವಾರದೊಳಗೆ ದೋಷಗಳನ್ನು ತಿದ್ದಿಕೊಳ್ಳಲು ಅವಕಾಶವುಂಟು. ಹಳೆಯ ಆವೃತ್ತಿಯನ್ನು ಪಕ್ಕದ ಫೋಲ್ಡರಿನಲ್ಲಿಯೇ ಉಳಿಸಿಕೊಂಡರೆ ಒಂದು ಕೊಂಡಿಯನ್ನು ಬದಲಿಸಿ ಕ್ಷಣದಲ್ಲಿ ಹಿಂದಿರುಗಬಹುದು. ಆದರೆ ಆ ಹಳೆಯ ಕೋಡು ಬದಲಾದ ಕೋಷ್ಟಕವನ್ನು ಓದಬಲ್ಲುದಾಗಿರಬೇಕಾದ್ದರಿಂದ, ಹೊಸ ಅಂಕಣವನ್ನು ಮೊದಲು ಸೇರಿಸಿ, ಹಳೆಯದನ್ನು ಕೆಲವು ವಾರಗಳ ಮೇಲೆ ತೆಗೆ. ಬ್ಯಾಕಪ್ಪನ್ನು ತೆಗೆದಿಟ್ಟು ಸುಮ್ಮನಾಗದೆ, ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಮರಳಿ ತುಂಬಿ ಲಾಟುಗಳೆಲ್ಲ ಸರಿಯಾಗಿವೆಯೇ ಎಂದು ಎಣಿಸಿ ನೋಡು.

ಬರುವ ಸೋಮವಾರ ಬ್ಯಾಡಗಿಯ ಬಸ್ಸು ಹತ್ತಿ, ಟೆಂಡರು ಮುಗಿಯುವತನಕ ಪ್ರಾಂಗಣದಲ್ಲಿ ನಿಂತು, ಮೆಣಸಿನಕಾಯಿಯ ಬಗೆಗಳಾದ ಡಬ್ಬಿಗೂ ಕಡ್ಡಿಗೂ ಖರೀದಿದಾರರು ಬರೆದುಕೊಳ್ಳುವ ಸಂಕ್ಷೇಪಗಳನ್ನು ಗುರುತು ಹಾಕಿಕೊಂಡು ಬಾ. ಆಮೇಲೆ ನಿನ್ನ ಕೋಷ್ಟಕಗಳ ನಕ್ಷೆಯನ್ನು ನನಗೆ ಕಳುಹಿಸು; ಕೂತು ಓದಿ ಬರೆಯುತ್ತೇನೆ.

ನಿನ್ನ ಹಿತೈಷಿ