ಪಿನ್ ನಂಬರ್ ಮತ್ತು ನಾವು ಹುಟ್ಟಿದ ದಿನ



ಕಳೆದ ತಿಂಗಳು ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. "ನಂಬರ್ ಹೇಳಬೇಡಿ, ಆದರೆ ನಿಮ್ಮ ಎಟಿಎಂ ಪಿನ್ ಹೇಗೆ ಆರಿಸಿಕೊಂಡಿರಿ?" ಎಂದು ಕೇಳಿದೆವು. "ಮಗಳು ಹುಟ್ಟಿದ ವರ್ಷ ಸಿಸ್ಟರ್, ಅದು ಮರೆಯೋದೇ ಇಲ್ಲ" ಎಂದರು ಒಬ್ಬರು. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಕ್ಕ ಮಾತ್ರ ನಗಲಿಲ್ಲ.

ಅವರ ಪರ್ಸ್ ಬಸ್ಸಿನಲ್ಲಿ ಕಳುವಾಗಿತ್ತು. ಅದರಲ್ಲಿ ಎಟಿಎಂ ಕಾರ್ಡೂ ಇತ್ತು, ಆಧಾರ್ ಕಾರ್ಡೂ ಇತ್ತು. ಬ್ಯಾಂಕಿಗೆ ತಿಳಿಸುವಷ್ಟರಲ್ಲಿ ಸಾಲದ ಕಂತಿಗೆಂದು ಕೂಡಿಟ್ಟಿದ್ದ 6,000 ರೂಪಾಯಿ ಹೋಗಿತ್ತು. ಪಿನ್ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮತ್ತೆ ಕಳ್ಳನಿಗೆ ಹೇಗೆ ಗೊತ್ತಾಯಿತು? ಅವರು ಹುಟ್ಟಿದ ವರ್ಷವೇ ಪಿನ್ ಆಗಿತ್ತು. ಆಧಾರ್ ಕಾರ್ಡಿನಲ್ಲಿ ಅದು ಅಚ್ಚಾಗಿಯೇ ಇತ್ತು.

"ನಾನು ಓದಿದವಳಲ್ಲ, ಅದಕ್ಕೇ ಹೀಗಾಯ್ತು" ಎಂದು ಅವರು ತಮ್ಮನ್ನೇ ಹಳಿದುಕೊಂಡರು. ಈ ಮಾತು ಸರಿಯಲ್ಲ. ಓದಿದವರೂ ಇದೇ ತಪ್ಪು ಮಾಡುತ್ತಾರೆ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರ್ ಬಳಸುವವರ 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದಾಗ ನೂರಕ್ಕೆ 86 ಪತ್ತೆಯಾದವು. ಅವು ತೀರಾ ಚಿಕ್ಕವು, ಇಲ್ಲವೇ ಹೆಸರುಗಳು ಮತ್ತು ನಿಘಂಟಿನ ಪದಗಳು.

2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೋಸೆಫ್ ಬೊನೋ, ರಾಸ್ ಆಂಡರ್ಸನ್ ಮತ್ತು ಅವರ ಸಂಗಡಿಗರು ಬ್ಯಾಂಕ್ ಪಿನ್ ಬಗ್ಗೆಯೇ ಸಂಶೋಧನೆ ಮಾಡಿದರು. 1,100ಕ್ಕೂ ಹೆಚ್ಚು ಗ್ರಾಹಕರನ್ನು ವಿಚಾರಿಸಿದರು. ಹುಟ್ಟಿದ ದಿನಾಂಕ ನೋಡಿ ಊಹಿಸಬಲ್ಲ ಕಳ್ಳ 11 ಪರ್ಸ್ ಕದ್ದರೆ ಒಂದು ಕಾರ್ಡಿನಿಂದ ಹಣ ತೆಗೆಯಬಲ್ಲ ಎಂದು ಲೆಕ್ಕ ಸಿಕ್ಕಿತು. 1234ರಂಥ ಸುಲಭ ಪಿನ್‌ಗಳನ್ನು ಬ್ಯಾಂಕೇ ತಡೆದರೆ 18 ಪರ್ಸಿಗೆ ಒಂದು. ಅಂದರೆ ಬ್ಯಾಂಕಿಗೂ ಇದರಲ್ಲಿ ಜವಾಬ್ದಾರಿ ಇದೆ.

ಕಾರಣ ಸರಳ. ನಾಲ್ಕು ಅಂಕಿಯಲ್ಲಿ 0000ದಿಂದ 9999ರವರೆಗೆ 10,000 ಪಿನ್ ಸಾಧ್ಯ. ದಿನ ಮತ್ತು ತಿಂಗಳು ಸೇರಿಸಿ ಮಾಡಿದರೆ 366 ಮಾತ್ರ. ಗುರುತಿನ ಚೀಟಿಯೂ ಕೈಗೆ ಸಿಕ್ಕರೆ ಕಳ್ಳನಿಗೆ ಎರಡು ಮೂರು ಪ್ರಯತ್ನ ಸಾಕು.

ಮನೆಯವರಿಗೂ ಹೇಳಬಾರದೇ?

ಇದು ನೀವು ಯಾವಾಗಲೂ ಕೇಳುವ ಪ್ರಶ್ನೆ. 2018ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ 199 ಮಹಿಳೆಯರನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಕಡೆ ಫೋನ್ ಒಬ್ಬರದ್ದಲ್ಲ, ಮಕ್ಕಳು, ಗಂಡ, ಮನೆಮಂದಿ ಎಲ್ಲರೂ ಮುಟ್ಟುತ್ತಾರೆ. ಇಂಥ ಮನೆಗಳಲ್ಲೂ ಮಹಿಳೆಯರು ಫೋನಿಗೋ ಒಂದೊಂದು ಆ್ಯಪಿಗೋ ಲಾಕ್ ಹಾಕಿ, ಬೇಡದ್ದನ್ನು ಅಳಿಸಿ, ತಮ್ಮದೊಂದಿಷ್ಟನ್ನು ಕಾಪಾಡಿಕೊಳ್ಳುವುದು ಅದರಲ್ಲಿ ಕಂಡುಬಂತು. ಫೋನ್ ಹಂಚಿಕೊಳ್ಳಿ, ಪಿನ್ ಬೇಡ. ಇದು ಮನೆಯವರ ಮೇಲಿನ ಅಪನಂಬಿಕೆಯಲ್ಲ. ನಿಮ್ಮ ದುಡಿಮೆಯ ಹಣದ ಬೀಗದ ಕೈ ನಿಮ್ಮ ಹತ್ತಿರವೇ ಇರಬೇಕು, ಅಷ್ಟೆ.

ಹೊಸ ಪಿನ್ ಆರಿಸುವ ಬಗೆ

ಹತ್ತು ಚೀಟಿಗಳಲ್ಲಿ 0ಯಿಂದ 9ರವರೆಗೆ ಬರೆಯಿರಿ. ಮಡಚಿ ಡಬ್ಬಿಯಲ್ಲಿ ಹಾಕಿ ಕಲಕಿ. ಒಂದು ಎತ್ತಿ, ಅಂಕಿ ನೋಡಿ, ವಾಪಸ್ ಹಾಕಿ. ಹೀಗೆ ನಾಲ್ಕು ಸಲ. ಬಂದದ್ದೇ ನಿಮ್ಮ ಪಿನ್. ಹುಟ್ಟಿದ ದಿನಾಂಕ, ವರ್ಷ ಅಥವಾ 1234, 1111ರಂಥದ್ದು ಬಂದರೆ ಮತ್ತೆ ಎತ್ತಿ. ಒಬ್ಬರೇ ಇರುವಾಗ ಇದನ್ನು ಮಾಡಿ. ದಿನಕ್ಕೆ ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡರೆ ವಾರದಲ್ಲಿ ಬಾಯಿಪಾಠವಾಗುತ್ತದೆ.

ನೆನಪಿಡಿ

* ಎಟಿಎಂಗೆ ಒಂದು ಪಿನ್, ಯುಪಿಐಗೆ ಬೇರೆ ಪಿನ್ ಇರಲಿ.
* ಯುಪಿಐಯಲ್ಲಿ ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಡ. "ಹಣ ಬರುತ್ತೆ, ಪಿನ್ ಹಾಕಿ" ಎಂದರೆ ಅದು ಮೋಸ.
* ಬ್ಯಾಂಕಿನವರೆಂದು ಫೋನ್ ಮಾಡಿ ಪಿನ್, ಓಟಿಪಿ ಕೇಳಿದರೆ ಕೊಡಬೇಡಿ. ಸಂಘದ ಪ್ರತಿನಿಧಿಗೂ ಬೇಡ, ನಮಗೂ ಬೇಡ.
* ಕಾರ್ಡ್ ಕಳೆದರೆ ಕೂಡಲೇ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಚರ್ಚೆಗೆ

1. ನಿಮ್ಮ ಪಿನ್ ನಿಮ್ಮ ಬಿಟ್ಟು ಇನ್ನೆಷ್ಟು ಜನರಿಗೆ ಗೊತ್ತು?
2. ಎಟಿಎಂ ಬಳಸಲು ಬಾರದ ಸದಸ್ಯೆಗೆ ಆಕೆಯ ಪಿನ್ ಕೇಳದೆ ಹೇಗೆ ಕಲಿಸಬಹುದು?

ಮುಂದಿನ ಸಭೆಯೊಳಗೆ ಎಷ್ಟು ಜನ ಪಿನ್ ಬದಲಿಸಿದರು ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎಷ್ಟು ಜನ ಎಂದಷ್ಟೇ ಬರೆಯಿರಿ, ನಂಬರ್ ಬರೆಯಬೇಡಿ!